ಒಣಮರದ ಭಾನುವಾರ

"ತಮಾ, ಬರುವ ಭಾನುವಾರ ಮರ ಕಡಿಯೋದಿದೆ. ಪುಟ್ಟಿಗೂ ಶಾಲೆ ರಜೆ ಅಲ್ಲವಾ? ಕರಕೊಂಡು ಬಾ" ಎಂದು ಅಣ್ಣ ಫೋನಿನಲ್ಲಿ ಹೇಳಿದಾಗ ನಾನೇ ತಪ್ಪಾಗಿ ಕೇಳಿಸಿಕೊಂಡೆನೇನೋ ಅನ್ನಿಸಿತು.

"ಮರ ಕಡಿಯೋದಾ? ನೀನಾ?"

"ನಾನೊಬ್ಬನೇ ಅಲ್ಲ, ಊರಿಗೆ ಊರೇ. ಶ್ರಮದಾನ. ಎರಡು ಮಷಿನ್ ಬರುತ್ತವೆ."

ನನಗೆ ಆಶ್ಚರ್ಯವಾದದ್ದಕ್ಕೆ ಕಾರಣವಿತ್ತು. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿ ಕಡೆಯ ಜನ ಕಳಾಸೆ ಕಾಡಿಗೆ ನಡೆದುಹೋಗಿ, ಕೊಡಲಿಗೆ ಅಡ್ಡವಾಗಿ ಮರಗಳನ್ನು ಅಪ್ಪಿಕೊಂಡು ನಿಂತರು. ಅದೇ ಅಪ್ಪಿಕೋ ಚಳವಳಿ. ಹಾಗೆ ನಿಂತವರಲ್ಲಿ ನನ್ನ ಅಣ್ಣನೂ ಒಬ್ಬ. ನಾನಾಗ ಹುಬ್ಬಳ್ಳಿಯಲ್ಲಿ ನೌಕರಿಗೆ ಸೇರಿದ್ದೆ. ಅಂಥ ಅಣ್ಣ ಎಪ್ಪತ್ತೆಂಟನೆಯ ವಯಸ್ಸಿನಲ್ಲಿ ಮರ ಕಡಿಯಲು ಕರೆಯುವುದೆಂದರೇನು?

"ಬಂದು ನೋಡು, ಆಮೇಲೆ ಮಾತಾಡು" ಎಂದು ಅಣ್ಣ ಫೋನ್ ಇಟ್ಟ.

ಶನಿವಾರ ಬೆಳಿಗ್ಗೆ ಮೊಮ್ಮಗಳನ್ನು ಕರೆದುಕೊಂಡು ಹುಬ್ಬಳ್ಳಿಯಲ್ಲಿ ಶಿರಸಿ ಬಸ್ಸು ಹತ್ತಿದೆ. ಹೆಚ್ಚುಕಡಿಮೆ ನೂರು ಕಿಲೋಮೀಟರಿನ ದಾರಿ. ಮುಂಡಗೋಡ ಬರುವ ತನಕ ಬಯಲು, ಬಿಸಿಲು, ಉತ್ತು ಬಿಟ್ಟ ಹೊಲಗಳು. ಮುಂಡಗೋಡದ ಟಿಬೆಟನ್ ಕ್ಯಾಂಪಿನ ಭಿಕ್ಷುಗಳು ಕೆಂಪು ಬಟ್ಟೆಯಲ್ಲಿ ಬಸ್ಸು ಹತ್ತಿದ್ದನ್ನು ಪುಟ್ಟಿ ಕಣ್ಣರಳಿಸಿ ನೋಡಿದಳು. ಅಲ್ಲಿಂದ ಮುಂದೆ ರಸ್ತೆಯ ಎರಡೂ ಬದಿ ಮರಗಳು ಹತ್ತಿರ ಹತ್ತಿರ ಬಂದವು, ಕಿಟಕಿಯ ಗಾಳಿ ತಣ್ಣಗಾಯಿತು. ಶಿರಸಿಯಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದು, ಕೊನೆಗೆ ಒಂದು ಮೈಲಿ ನಡೆದು ಮನೆ ಸೇರುವಾಗ ಮಧ್ಯಾಹ್ನ ದಾಟಿತ್ತು. ಅತ್ತಿಗೆ ಕೊಟ್ಟ ಮುರುಗಲ ಹಣ್ಣಿನ ಪಾನಕವನ್ನು ಪುಟ್ಟಿ ಎರಡು ಲೋಟ ಕುಡಿದಳು.

ನಮ್ಮ ಕಡೆಯ ಊರುಗಳನ್ನು ನೋಡದವರಿಗೆ ಒಂದು ಮಾತು ಹೇಳಬೇಕು. ಇಲ್ಲಿ ಮನೆಗಳು ಸಾಲಾಗಿ ಇರುವುದಿಲ್ಲ. ಅಲ್ಲೊಂದು, ಇಲ್ಲೊಂದು. ಕೆಳಗೆ ಕಣಿವೆಯಲ್ಲಿ ಅಡಿಕೆ ತೋಟ, ನಡುವೆ ಮನೆ, ಮೇಲೆ ಸೊಪ್ಪಿನ ಬೆಟ್ಟ. ತೋಟಕ್ಕೆ ಬೇಕಾದ ಹಸಿಸೊಪ್ಪು, ಉದುರಿದ ಒಣ ಎಲೆ, ಒಲೆಗೆ ಒಣ ಕಟ್ಟಿಗೆ ಎಲ್ಲ ಆ ಬೆಟ್ಟದಿಂದಲೇ ಬರಬೇಕು. ಸೊಪ್ಪಿನ ಹಕ್ಕು ತೋಟದವರಿಗೆ ಇದೆ, ಮರ ಮಾತ್ರ ಸರ್ಕಾರದ್ದು. ಬ್ರಿಟಿಷರ ಕಾಲದಿಂದ ನಡೆದುಬಂದ ಪದ್ಧತಿ ಇದು. ನಮ್ಮೂರಿನ ಪ್ರಾಥಮಿಕ ಶಾಲೆಗೆ ಹೋಗುವ ಮಣ್ಣು ರಸ್ತೆಯೂ ಬೆಟ್ಟದ ಅಂಚಿನಲ್ಲೇ ಸಾಗುತ್ತದೆ. ಅಣ್ಣನೂ ನಾನೂ ಪಾಟಿಚೀಲ ಹೊತ್ತು ನಡೆದ ರಸ್ತೆ ಅದು.

ಸಂಜೆ ಅಣ್ಣ ಕೋಲು ಊರಿಕೊಂಡು ನಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋದ. ರಸ್ತೆಗೆ ಬಾಗಿ ನಿಂತ ಕೆಲವು ಮರಗಳ ಮೇಲೆ ಬಿಳಿ ಬಣ್ಣದಲ್ಲಿ ನಂಬರ್ ಬರೆದಿತ್ತು. ಒಂದರಿಂದ ಒಂಬತ್ತು. ಅದರಲ್ಲಿ ಐದು ಅಕೇಶಿಯಾ, ಎರಡು ಮತ್ತಿ, ಒಂದು ಹಲಸು, ಒಂದು ಮಾವು.

"ಕಳೆದ ಮಳೆಗಾಲದಲ್ಲಿ ಈ ತಿರುವಿನಲ್ಲಿ ಒಂದು ಒಣ ಕೊಂಬೆ ಮುರಿದು ಬಿತ್ತು. ಮಕ್ಕಳು ದಾಟಿ ಹೋಗಿ ಎರಡು ನಿಮಿಷ ಆಗಿರಲಿಲ್ಲ. ಹಿಂದೆ ಬರುತ್ತಿದ್ದ ಒಬ್ಬಳ ಕೊಡೆ ಕೊಂಬೆಯ ತುದಿಗೆ ಸಿಕ್ಕಿ ಹರಿದುಹೋಯಿತು. ಅವಳಿಗೆ ಏನೂ ಆಗಲಿಲ್ಲ" ಎಂದ ಅಣ್ಣ. "ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ ತಮಾ."

ಅವತ್ತೇ ಕಡಿಯಬಹುದಿತ್ತಲ್ಲ ಎಂದು ಕೇಳಿದೆ. ಸತ್ತ ಮರವಾದರೂ ತಮ್ಮಷ್ಟಕ್ಕೆ ಕಡಿಯುವಂತಿಲ್ಲ. ಪಂಚಾಯಿತಿಗೆ ಅರ್ಜಿ ಕೊಟ್ಟು, ಅರಣ್ಯ ಇಲಾಖೆಯವರು ಬಂದು ನೋಡಿ, ಗುರುತು ಹಾಕಿ, ಒಪ್ಪಿಗೆ ಕೊಡುವ ತನಕ ಕಾಯಬೇಕು. ದಿಮ್ಮಿಗಳು ಇಲಾಖೆಗೆ, ಸಣ್ಣ ಕಟ್ಟಿಗೆ ಊರಿಗೆ ಎಂದು ಮಾತಾಗಿತ್ತು.

ಪುಟ್ಟಿ ರಸ್ತೆಯಾಚೆಯ ಒಂದು ಬೋಳು ಮರವನ್ನು ತೋರಿಸಿ, "ದೊಡ್ಡಜ್ಜ, ಅದಕ್ಕೂ ಎಲೆ ಇಲ್ಲ. ನಂಬರ್ ಯಾಕೆ ಬರೆದಿಲ್ಲ?" ಎಂದಳು.

ಅಣ್ಣ ಅವಳನ್ನು ಆ ಮರದ ಹತ್ತಿರ ಕರೆದೊಯ್ದು ಒಂದು ಎಳೆಯ ರೆಂಬೆಯನ್ನು ಕೈಗೆ ಕೊಟ್ಟ. "ಉಗುರಿನಿಂದ ಕೆರೆ ನೋಡುವ." ಕೆರೆದಳು. ತೆಳು ಸಿಪ್ಪೆಯ ಅಡಿಯಲ್ಲಿ ಹಸಿರು ಮಿನುಗಿತು. "ಇದು ಸತ್ತಿಲ್ಲ. ಬೇಸಿಗೆಯಲ್ಲಿ ನೀರು ಉಳಿಸಲು ಎಲೆ ಉದುರಿಸಿದೆ ಅಷ್ಟೇ. ಈಗ ಆ ನಂಬರಿನ ಮರದ್ದು ಕೆರೆ." ಅಲ್ಲಿ ಒಳಗೂ ಕಂದು, ಪುಡಿಪುಡಿ. ರೆಂಬೆ ಕಡ್ಡಿಯಂತೆ ಲಟಕ್ಕನೆ ಮುರಿಯಿತು. ಪುಟ್ಟಿ ಅಂದು ಕತ್ತಲಾಗುವ ತನಕ ಸಿಕ್ಕ ಸಿಕ್ಕ ಗಿಡವನ್ನೆಲ್ಲ ಕೆರೆದು ನೋಡಿದಳು. ಅತ್ತಿಗೆಯ ದಾಸವಾಳವನ್ನೂ ಬಿಡಲಿಲ್ಲ.

ಭಾನುವಾರ ಏಳು ಗಂಟೆಗೆ ಶಾಲೆಯ ಅಂಗಳದಲ್ಲಿ ಜನ ಸೇರಿದರು. ಮನೆಗೊಬ್ಬರಂತೆ ಮೂವತ್ತಕ್ಕೂ ಹೆಚ್ಚು ಮಂದಿ. ಕತ್ತಿ, ಕೊಡಲಿ, ಹಾರೆ, ದಪ್ಪ ಹಗ್ಗ ಹೀಗೆ ಒಬ್ಬೊಬ್ಬರ ಕೈಯಲ್ಲಿ ಒಂದೊಂದು. ಮಷಿನ್ ಅಂದರೆ ಚೈನ್ ಗರಗಸ. ಅದನ್ನು ತಂದವರು ಪಕ್ಕದ ಊರಿನ ಇಬ್ಬರು ಯುವಕರು. ಮಕ್ಕಳೆಲ್ಲ ಅವರನ್ನು "ಮಷಿನ್ ಅಣ್ಣ" ಎಂದೇ ಕರೆದರು. ತಲೆಗೆ ಹೆಲ್ಮೆಟ್, ಕಣ್ಣಿಗೆ ಜಾಲರಿ, ಕಿವಿಗೆ ಮುಚ್ಚಳ, ಕಾಲಿಗೆ ದಪ್ಪ ಬೂಟು. ಪೆಟ್ರೋಲಿಗೆ ಅಳತೆ ಮಾಡಿ ಎಣ್ಣೆ ಬೆರೆಸಿ ಟ್ಯಾಂಕಿಗೆ ಹಾಕಿದರು. ಚೈನು ಬಿಸಿಯಾಗದಂತೆ ಹರಿಯುವ ಎಣ್ಣೆಗೆ ಬೇರೆಯೇ ಟ್ಯಾಂಕು ಇತ್ತು.

ಕೆಲಸ ಶುರುವಾಗುವ ಮೊದಲು ದೊಡ್ಡ ಮಷಿನ್ ಅಣ್ಣ ಎಲ್ಲರನ್ನೂ ನಿಲ್ಲಿಸಿ ಹೇಳಿದ: "ಹಸಿ ಮರಕ್ಕಿಂತ ಒಣ ಮರ ಅಪಾಯ. ಹಸಿ ಮರ ಬೀಳುವಾಗ ನಿಧಾನಕ್ಕೆ ಬಾಗುತ್ತದೆ, ಕಿರುಗುಟ್ಟುತ್ತದೆ, ನಮಗೆ ಗೊತ್ತಾಗುತ್ತದೆ. ಒಣ ಮರ ಹೇಳದೆ ಕೇಳದೆ ಮುರಿಯುತ್ತದೆ. ಬುಡದಲ್ಲಿ ಮಷಿನ್ ನಡುಗಿದರೆ ತುದಿಯ ಕೊಂಬೆ ಉದುರಬಹುದು. ಮರ ಎಷ್ಟು ಎತ್ತರವೋ ಅದರ ಎರಡು ಪಟ್ಟು ದೂರ ನಿಲ್ಲಬೇಕು. ನಾನು ಕೈ ಎತ್ತಿ ತೋರಿಸುವ ತನಕ ಯಾರೂ ಹತ್ತಿರ ಬರಬಾರದು. ಮಕ್ಕಳು ಶಾಲೆಯ ಜಗಲಿಯಲ್ಲಿ."

ನನಗೆ ಒಂದು ಸೀಟಿ ಕೊಟ್ಟು ರಸ್ತೆಯ ತಿರುವಿನಲ್ಲಿ ನಿಲ್ಲಿಸಿದರು. ಬೈಕಿನವರು, ದನದವರು ಬಂದರೆ ತಡೆಯುವುದು ನನ್ನ ಕೆಲಸ.

ಮೊದಲನೆಯದು ಅಕೇಶಿಯಾ. ಮಷಿನ್ ಅಣ್ಣ ಕೊಡಲಿಯ ಹಿಂಬದಿಯಿಂದ ಮರದ ಸುತ್ತ ತಟ್ಟಿ ಕಿವಿಗೊಟ್ಟ. ಹಲಸಿನ ಹಣ್ಣು ಬಲಿತಿದೆಯೋ ಎಂದು ನಾವು ತಟ್ಟಿ ನೋಡುವುದಿಲ್ಲವೇ, ಹಾಗೆ. ಗಟ್ಟಿ ಇದ್ದಲ್ಲಿ ಠಣ್ ಎಂದಿತು, ಟೊಳ್ಳಾದಲ್ಲಿ ಡಬ್ ಎಂದಿತು. ಆಮೇಲೆ ಮೇಲೆ ನೋಡಿದ. ಬಳ್ಳಿಗಳೇನಾದರೂ ಪಕ್ಕದ ಮರಕ್ಕೆ ಕಟ್ಟಿಕೊಂಡಿವೆಯೇ? ಇದ್ದರೆ ಒಂದು ಬಿದ್ದಾಗ ಇನ್ನೊಂದನ್ನೂ ಎಳೆದು ತರುತ್ತದೆ. ಕೊನೆಗೆ ತಾನು ಓಡಿ ಹೋಗಬೇಕಾದ ದಾರಿಯ ಮುಳ್ಳುಕಂಟಿಯನ್ನು ಕತ್ತಿಯಿಂದ ಸವರಿಸಿದ. ಆ ದಾರಿ ಮರ ಬೀಳುವ ದಿಕ್ಕಿಗೆ ಹಿಂದೆ, ಓರೆಯಾಗಿ ಇರಬೇಕಂತೆ.

ಮಷಿನ್ ಹೊತ್ತಿಕೊಂಡಾಗ ಬೆಟ್ಟವೇ ಗುಡುಗಿದಂತಾಯಿತು. ಮರ ಬೀಳಬೇಕಾದ ಕಡೆ ಬುಡದಲ್ಲಿ ಕಲ್ಲಂಗಡಿಯ ತುಂಡು ತೆಗೆದಂತೆ ಒಂದು ಬಾಯಿ ಕೊಯ್ದ. ಆಮೇಲೆ ಹಿಂಬದಿಯಿಂದ, ಆ ಬಾಯಿಗಿಂತ ತುಸು ಮೇಲೆ, ಕೊಯ್ಯುತ್ತಾ ಬಂದ. ಆದರೆ ಪೂರ್ತಿ ಕೊಯ್ಯಲಿಲ್ಲ. ನಡುವೆ ಒಂದು ಪಟ್ಟಿಯಷ್ಟು ಮರವನ್ನು ಹಾಗೇ ಬಿಟ್ಟ. ಬಾಗಿಲಿಗೆ ಬಿಜಾಗರಿ ಇದ್ದಂತೆ ಬೀಳುವ ಮರಕ್ಕೆ ಆ ಪಟ್ಟಿ. ಅದಿದ್ದರೆ ಮರ ಹೇಳಿದ ಕಡೆ ತಿರುಗಿ ಬೀಳುತ್ತದೆ. ಹಿಂದಿನ ಸೀಳಿಗೆ ಬೆಣೆ ಇಟ್ಟು ಬಡಿದಾಗ ಮರ ಒಮ್ಮೆ ನಡುಗಿ, ಬೆಟ್ಟದ ಕಡೆಗೆ ಧೊಪ್ಪೆಂದು ಒರಗಿತು. ಧೂಳು ಇಳಿದ ಮೇಲೆ ಮಷಿನ್ ಅಣ್ಣ ಕೈ ಎತ್ತಿದ. ಕತ್ತಿ ಹಿಡಿದವರು ರೆಂಬೆ ಸವರಲು ಹೋದರು, ಹೆಂಗಸರು ಕಟ್ಟಿಗೆ ಹೊರೆ ಕಟ್ಟತೊಡಗಿದರು. ಜಗಲಿಯಲ್ಲಿ ಮಕ್ಕಳು ಚಪ್ಪಾಳೆ ತಟ್ಟಿದರು.

ಮೂರನೆಯದು ಒಣ ಮತ್ತಿ. ಅದು ಬಿದ್ದು, ಮಷಿನ್ ಆರಿಸಿದ ಮೇಲೆ ಪುಟ್ಟಿಗೆ ಬಂದು ನೋಡಲು ಅನುಮತಿ ಸಿಕ್ಕಿತು. ಕೊಯ್ದ ಜಾಗದಲ್ಲಿ ಬೆರಳು ಗಾತ್ರದ ಬಿಳಿ ಹುಳವೊಂದು ಹೊರಳಾಡುತ್ತಿತ್ತು. "ಛೀ" ಎಂದು ಹಿಂದೆ ಸರಿದಳು.

"ಛೀ ಅನ್ನಬೇಡ. ಇದು ಮಷಿನ್ ಅಣ್ಣನ ಗುರು" ಎಂದೆ. ನಾನು ಹಿಂದೊಮ್ಮೆ ಓದಿದ ಸಂಗತಿ ಅದು. ಅಮೆರಿಕದ ಆರೆಗಾನ್‌ನಲ್ಲಿ ಜೋಸೆಫ್ ಬುಫೋರ್ಡ್ ಕಾಕ್ಸ್ ಎಂಬಾತ ಮರ ಕೊಯ್ಯುವ ಕೆಲಸ ಮಾಡುತ್ತಿದ್ದ. ಆಗಿನ ಚೈನ್ ಗರಗಸದ ಹಲ್ಲುಗಳನ್ನು ಮತ್ತೆ ಮತ್ತೆ ಅರ ಹಾಕಿ ಹರಿತ ಮಾಡಬೇಕಿತ್ತು. 1946ರಲ್ಲಿ ಒಂದು ದಿನ ಅವನು ಮರದೊಳಗೆ ಇಂಥದೇ ಒಂದು ದುಂಬಿಯ ಮರಿಹುಳವನ್ನು ಕಂಡ. ಅದು ಎಡಕ್ಕೊಮ್ಮೆ ಬಲಕ್ಕೊಮ್ಮೆ ದವಡೆ ಆಡಿಸುತ್ತ ಗಟ್ಟಿ ಮರವನ್ನು ಸಲೀಸಾಗಿ ತಿಂದು ಮುಂದೆ ಹೋಗುತ್ತಿತ್ತು. ಕಾಕ್ಸ್ ಆ ದವಡೆಯ ಆಕಾರದಲ್ಲೇ ಚೈನಿನ ಹಲ್ಲು ಮಾಡಿದ. ಒಂದು ಎಡಕ್ಕೆ, ಒಂದು ಬಲಕ್ಕೆ. ಇಂದಿಗೂ ಚೈನುಗಳ ಹಲ್ಲು ಅದೇ ಬಗೆಯದು.

ಮಷಿನ್ ಅಣ್ಣ ನಕ್ಕು ತನ್ನ ಚೈನನ್ನು ತೋರಿಸಿದ. ಪುಟ್ಟಿ ಎಣಿಸಿ ನೋಡಿದಳು. ಎಡ, ಬಲ, ಎಡ, ಬಲ. ಆಮೇಲೆ ಹುಳವನ್ನು ಒಂದು ಎಲೆಯ ಮೇಲೆ ಎತ್ತಿ ಬಿದ್ದ ಮರದ ಸಂದಿಗೆ ಬಿಟ್ಟುಬಂದಳು.

ಹಲಸಿನ ಮರದ ಹೊತ್ತಿಗೆ ಬಿಸಿಲು ಏರಿತ್ತು. ಮರ ಬಿತ್ತು, ಮಷಿನ್ ನಿಂತಿತು. ನನಗೆ ಬಾಯಾರಿತ್ತು. ತಿರುವಿನಾಚೆ ಕಲ್ಲಿನ ಮೇಲೆ ನೀರಿನ ತಂಬಿಗೆ ಇತ್ತು. ಮಷಿನ್ ಅಣ್ಣ ಇನ್ನೂ ಕೈ ಎತ್ತಿರಲಿಲ್ಲ. ಮರವೇ ಬಿದ್ದಾಯಿತಲ್ಲ ಎಂದುಕೊಂಡು ನಾನು ಎರಡು ಹೆಜ್ಜೆ ಇಟ್ಟೆ.

"ನಿಲ್ಲಿ!" ಎಂದು ಯಾರೋ ಕೂಗಿದರು. ನಾನು ನಿಂತೆ. ನನ್ನ ಮುಂದೆ, ನಾಲ್ಕು ಮಾರು ದೂರದಲ್ಲಿ, ತೊಲೆಯಂಥ ಒಂದು ಕೊಂಬೆ ಬಂದು ನೆಲಕ್ಕೆ ಬಡಿಯಿತು. ತಂಬಿಗೆ ಇದ್ದದ್ದು ಅಲ್ಲೇ. ಹಲಸು ಬೀಳುವಾಗ ಪಕ್ಕದ ಮರಕ್ಕೆ ತಾಗಿ, ತನ್ನದೇ ಒಂದು ಕೊಂಬೆಯನ್ನು ಅಲ್ಲಿ ನೇತುಹಾಕಿ ಹೋಗಿತ್ತು. ಎಲೆಗಳ ನಡುವೆ ನನಗೆ ಅದು ಕಂಡಿರಲಿಲ್ಲ.

ಯಾರೂ ಮಾತಾಡಲಿಲ್ಲ. ಅಣ್ಣ ನನ್ನ ಹತ್ತಿರ ಬಂದು ಕೈಯಿಂದ ಸೀಟಿ ತೆಗೆದುಕೊಂಡು, ಅತ್ತಿಗೆಯ ಕೈಗೆ ಕೊಟ್ಟ. ಅರವತ್ತೆಂಟು ವರ್ಷದ ನಾನು ಶಾಲೆಯ ಜಗಲಿಗೆ ಹೋಗಿ ಮಕ್ಕಳ ಜೊತೆ ಕೂತೆ. ಪುಟ್ಟಿ ಏನೂ ಹೇಳದೆ ನನ್ನ ಅಂಗಿಯ ತೋಳನ್ನು ಹಿಡಿದುಕೊಂಡಳು. ಊಟಕ್ಕೆ ಏಳುವ ತನಕ ಬಿಡಲಿಲ್ಲ.

ಮಧ್ಯಾಹ್ನ ಶಾಲೆಯ ಅಂಗಳದಲ್ಲೇ ಊಟ. ಅನ್ನ, ಹಲಸಿನಕಾಯಿ ಹುಳಿ, ಮಾವಿನಕಾಯಿ ಅಪ್ಪೆಹುಳಿ, ಮಜ್ಜಿಗೆ. ಊಟವಾದ ಮೇಲೆ ಒಬ್ಬ ಹುಡುಗ ಅಣ್ಣನನ್ನು ಕೇಳಿಯೇ ಬಿಟ್ಟ: "ಅಜ್ಜ, ನೀವು ಮರ ಅಪ್ಪಿಕೊಂಡವರಂತೆ. ಈಗ ಕಡಿಸುತ್ತೀರಲ್ಲ?"

ಅಣ್ಣನಿಗೆ ಸಿಟ್ಟು ಬರಲಿಲ್ಲ. ಎಲೆಯಡಿಕೆ ಮೆಲ್ಲುತ್ತ ಹೇಳಿದ. ಹಿಮಾಲಯದ ಕಡೆ 1973ರಲ್ಲಿ ಚಿಪ್ಕೊ ಚಳವಳಿ ನಡೆದಿತ್ತು. ಚಿಪ್ಕೊ ಎಂದರೂ ಅಪ್ಪಿಕೊ ಎಂದೇ ಅರ್ಥ. ಅದರ ಸುದ್ದಿ ಇಲ್ಲಿಗೂ ಬಂದಿತ್ತು. ಅದೇ ಹೊತ್ತಿಗೆ ಇಲ್ಲಿಯ ಹಸಿ ಕಾಡಿನ ದೊಡ್ಡ ಮರಗಳು ಒಂದೊಂದಾಗಿ ಬೀಳುತ್ತಿದ್ದವು. ಪಾಂಡುರಂಗ ಹೆಗಡೆಯವರಂಥ ಯುವಕರು ಊರೂರು ತಿರುಗಿ ಜನರ ಜೊತೆ ಮಾತಾಡಿದರು. "ಮಳೆ ಸುರಿಯುತ್ತಿತ್ತು. ಕಾಲಿಗೆ ಉಂಬಳ ಹತ್ತುತ್ತಿದ್ದವು. ನಾನು ಅಪ್ಪಿಕೊಂಡ ಮರ ಎಷ್ಟು ದಪ್ಪ ಇತ್ತೆಂದರೆ ನನ್ನ ಎರಡು ಕೈ ಸೇರಲಿಲ್ಲ. ಆಚೆ ಬದಿಯಿಂದ ಇನ್ನೊಬ್ಬರು ಕೈ ಹಿಡಿದರು. ಯಾರೆಂದು ಆಗ ಕಾಣಲೂ ಇಲ್ಲ."

ಸ್ವಲ್ಪ ಸುಮ್ಮನಿದ್ದು ಮುಂದುವರಿಸಿದ. "ನಮ್ಮ ಚಳವಳಿಗೆ ಮೂರು ಮಾತಿತ್ತು ತಮ್ಮ. ಉಳಿಸು, ಬೆಳೆಸು, ಬಳಸು. ಎಲ್ಲರಿಗೂ ಮೊದಲನೆಯದು ನೆನಪಿರುತ್ತದೆ. ಮೂರನೆಯದೂ ನಮ್ಮದೇ. ಆದರೆ ಬಳಸುವ ಮೊದಲು ಆ ಮರದ ಹತ್ತಿರ ಹೋಗಿ ನಿಂತು ನೋಡಬೇಕು. ಕಳಾಸೆಯಲ್ಲಿ ಯಾರೂ ಹಾಗೆ ನೋಡಲು ತಯಾರಿರಲಿಲ್ಲ. ಅದಕ್ಕೇ ಅಪ್ಪಿಕೊಂಡೆವು."

ಮೂರು ಗಂಟೆಯ ಹೊತ್ತಿಗೆ ಎಂಟು ಮರ ಮುಗಿದವು. ಉಳಿದದ್ದು ಒಂಬತ್ತನೆಯ ನಂಬರು, ತಿರುವಿನ ಮಾವು. ಅಣ್ಣನೂ ನಾನೂ ಶಾಲೆಗೆ ಹೋಗುವಾಗ ಕಲ್ಲು ಹೊಡೆದು ಕಾಯಿ ಬೀಳಿಸುತ್ತಿದ್ದ ಮರ. ಎರಡು ವರ್ಷದ ಹಿಂದೆ ಒಣಗಿತು. ರಸ್ತೆಗೆ ಎಲ್ಲಕ್ಕಿಂತ ಹೆಚ್ಚು ಬಾಗಿದ್ದೂ ಅದೇ.

ಮಷಿನ್ ಅಣ್ಣ ಎಂದಿನಂತೆ ಕೊಡಲಿಯಿಂದ ತಟ್ಟಿದ. ಆಗ ಜಗಲಿಯಿಂದ ಪುಟ್ಟಿ ಕಿರುಚಿದಳು: "ಅಲ್ಲಿ! ಹಕ್ಕಿ!"

ಒಣ ಕೊಂಬೆಯ ಅಡಿಯಲ್ಲಿ, ರೂಪಾಯಿಗಿಂತ ಸ್ವಲ್ಪ ದೊಡ್ಡದಾದ ದುಂಡನೆಯ ತೂತು. ಅದರಿಂದ ಹಸಿರು ಹಕ್ಕಿಯೊಂದು ಹಾರಿ ಪಕ್ಕದ ಮರಕ್ಕೆ ಹೋಯಿತು. ಕುಟ್ರಹಕ್ಕಿ. ಬೇಸಿಗೆಯಿಡೀ ಕುಟ್ರೂ ಕುಟ್ರೂ ಎಂದು ಕೂಗಿ ಬೆಟ್ಟ ತುಂಬಿಸುವುದು ಇದೇ. ಗೂಡಿಗೆ ಒಣಗಿ ಮೆತ್ತಗಾದ ಕೊಂಬೆಯೇ ಅದಕ್ಕೆ ಬೇಕು. ಹಸಿ ಮರವನ್ನು ಕೊರೆಯುವಷ್ಟು ಅದರ ಕೊಕ್ಕು ಗಟ್ಟಿಯಲ್ಲ. ನಾವು ನೋಡುತ್ತಿದ್ದಂತೆ ತೂತಿನಲ್ಲಿ ಇನ್ನೊಂದು ಪುಟ್ಟ ತಲೆ ಕಂಡಿತು. ಮರಿ.

ಆಗ ಚರ್ಚೆ ಶುರುವಾಯಿತು. "ಹಕ್ಕಿಗೆ ಬೇರೆ ಮರ ಸಿಗುತ್ತದೆ, ಮಕ್ಕಳಿಗೆ ಬೇರೆ ಜೀವ ಸಿಗುತ್ತದಾ?" ಎಂದರು ಒಬ್ಬರು. ಕೊಡೆ ಹರಿದುಹೋಗಿದ್ದ ಹುಡುಗಿಯ ತಾಯಿ ಅವರು. ಅವರ ಮಾತಿಗೆ ಎದುರು ಹೇಳಲು ಯಾರಿಗೂ ಆಗಲಿಲ್ಲ. ನನಗಂತೂ ಬೆಳಗಿನ ಕೊಂಬೆಯ ಸದ್ದು ಇನ್ನೂ ಕಿವಿಯಲ್ಲಿತ್ತು. "ಮಷಿನ್ ಬಂದಿದೆ, ಜನ ಸೇರಿದ್ದಾರೆ, ಇವತ್ತೇ ಮುಗಿಸೋಣ" ಎಂದರು ಇನ್ನೊಬ್ಬರು. ಮಕ್ಕಳು ಅಳುವ ಮುಖ ಮಾಡಿ ಅಣ್ಣನನ್ನೇ ನೋಡುತ್ತಿದ್ದರು.

ಅಣ್ಣ ಆ ತಾಯಿಯ ಕಡೆಗೇ ತಿರುಗಿದ. "ನೀನು ಹೇಳುವುದು ಸರಿ ತಂಗಿ. ಮರ ಕಡಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮರಿ ತಲೆ ಹೊರಗೆ ಹಾಕುತ್ತಿದೆ. ಇನ್ನು ಕೆಲವೇ ದಿನ. ಶಾಲೆ ಶುರುವಾಗಲು ಹತ್ತು ದಿನದ ಮೇಲಿದೆ. ಅಲ್ಲಿಯವರೆಗೆ ಈ ತಿರುವು ಬಂದ್. ಎರಡೂ ಕಡೆ ಹಗ್ಗ ಕಟ್ಟುವ. ಓಡಾಟ ನಮ್ಮ ತೋಟದ ಒಳಗಿನಿಂದ ಆಗಲಿ. ಶಾಲೆ ಶುರುವಾಗುವ ಹಿಂದಿನ ದಿನ, ಮರಿ ಹಾರಲಿ ಬಿಡಲಿ, ಮರ ಬೀಳುತ್ತದೆ. ಮಷಿನ್ ಬಾಡಿಗೆ ನನ್ನದು."

ಆ ತಾಯಿ ಸ್ವಲ್ಪ ಹೊತ್ತು ಮರವನ್ನೇ ನೋಡಿದರು. "ಹಗ್ಗ ಗಟ್ಟಿಯಾಗಿ ಕಟ್ಟಿ" ಎಂದರು. ಮಷಿನ್ ಅಣ್ಣ ಹೆಲ್ಮೆಟ್ ತೆಗೆದ.

ಹಗ್ಗ ಕಟ್ಟುವ ಕೆಲಸ ನನಗೂ ಮಕ್ಕಳಿಗೂ ಸಿಕ್ಕಿತು. ಪುಟ್ಟಿ ನೋಟ್‌ಬುಕ್ಕಿನ ಹಾಳೆಯಲ್ಲಿ "ಮರಿ ಇದೆ. ಈ ದಾರಿ ಬೇಡ" ಎಂದು ದಪ್ಪ ಅಕ್ಷರದಲ್ಲಿ ಬರೆದು ಹಗ್ಗಕ್ಕೆ ಸಿಕ್ಕಿಸಿದಳು.

ಮರುದಿನ ನಾವು ಹುಬ್ಬಳ್ಳಿಗೆ ಮರಳಿದೆವು. ಪುಟ್ಟಿ ದಿನಾ ಸಂಜೆ ದೊಡ್ಡಜ್ಜನಿಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳುತ್ತಿದ್ದಳು. ಒಂದು ಸಂಜೆ ಗಾಳಿಮಳೆ ಬಂದು ಫೋನೇ ಹತ್ತಲಿಲ್ಲ. ಆ ರಾತ್ರಿ ಅವಳು ಊಟ ಸರಿಯಾಗಿ ಮಾಡಲಿಲ್ಲ. ಎಂಟನೆಯ ದಿನ ಅಣ್ಣನೇ ಫೋನ್ ಮಾಡಿದ. ತೂತು ಖಾಲಿ. ಬೆಳಿಗ್ಗೆ ಮರಿಯನ್ನು ಪಕ್ಕದ ಮರದಲ್ಲಿ ನೋಡಿದನಂತೆ. ಹಾರಲು ಇನ್ನೂ ಸರಿಯಾಗಿ ಬರುವುದಿಲ್ಲ, ಕೊಂಬೆಯಿಂದ ಕೊಂಬೆಗೆ ಕುಪ್ಪಳಿಸುತ್ತಿತ್ತಂತೆ.

ಶಾಲೆ ಶುರುವಾಗುವ ಹಿಂದಿನ ದಿನ ಮಾವು ಬಿತ್ತು. ಪೂರ್ತಿ ಅಲ್ಲ. ರಸ್ತೆಗೆ ಬಾಗಿದ್ದನ್ನೆಲ್ಲ ತೆಗೆದು, ಇಲಾಖೆಯವರನ್ನು ಕೇಳಿ, ಆಳೆತ್ತರದ ಬೊಡ್ಡೆಯನ್ನು ಹಾಗೇ ಬಿಟ್ಟಿದ್ದಾರಂತೆ. ಅಷ್ಟು ಗಿಡ್ಡ ಮರ ಯಾರ ಮೇಲೂ ಬೀಳುವುದಿಲ್ಲ. ಹುಳ, ಮರಕುಟಿಗ, ಅಣಬೆ ಏನು ಬೇಕಾದರೂ ಬರಲಿ ಎಂದ ಅಣ್ಣ. ಗೂಡಿನ ತೂತಿದ್ದ ಕೊಂಬೆಯ ತುಂಡನ್ನು ಮಾತ್ರ ಕೊಯ್ಸಿ ಜಗಲಿಯಲ್ಲಿ ಇಟ್ಟಿದ್ದಾನೆ, ಪುಟ್ಟಿ ದಸರಾ ರಜೆಗೆ ಬಂದಾಗ ಒಳಗೆ ಕೈ ಹಾಕಿ ನೋಡಲಿ ಎಂದು.

"ಸೀಟಿ ಎಲ್ಲಿದೆ?" ಎಂದು ಕೇಳಿದೆ.

"ನಿನ್ನ ಅತ್ತಿಗೆ ಹತ್ತಿರ. ಅವಳು ಕೊಡುವ ಹಾಗೆ ಕಾಣುವುದಿಲ್ಲ" ಎಂದು ಅಣ್ಣ ನಕ್ಕ.